ಯಹೂದಿಗಳ ಕಟ್ಟಳೆಗಳು: ಹೊಲದ ಮೂಲೆಯಿಂದ ಊರಿನ ಶಾಲೆಯವರೆಗೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಾತಾಡಬೇಕು ಎಂದು ಫೋನ್ ಬಂದಾಗ ಸಮಿತಿಯವರು ಒಂದೇ ಷರತ್ತು ಹಾಕಿದರು: “ಕಂಪ್ಯೂಟರ್ ವಿಷಯ ಬೇಡ ಮಾರಾಯ, ಅದು ನಮಗೆ ಅರ್ಥ ಆಗೋದಿಲ್ಲ. ಹೊರಗೆ ಕಂಡದ್ದು ಏನಾದರೂ ಹೇಳು.” ಹಾಗಾಗಿ ನನ್ನ ಕಸುಬನ್ನು ಬದಿಗಿಟ್ಟು ಬಂದಿದ್ದೇನೆ. ಕೆಲಸದ ಮೇಲೆ ನಾನು ಹತ್ತು ತಿಂಗಳು ಜೆರುಸಲೇಮಿನಲ್ಲಿ ಇದ್ದೆ. ನನ್ನ ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಯಹೂದಿಗಳು. ಅವರ ಮನೆಗಳಲ್ಲಿ ಉಂಡೆ, ಹಬ್ಬಗಳಲ್ಲಿ ಕೂತೆ, ಆಮೇಲೆ ಕುತೂಹಲ ಹುಟ್ಟಿ ಒಂದಿಷ್ಟು ಓದಿದೆ. ಅವರ ನಂಬಿಕೆ, ಕಟ್ಟಳೆ, ಆಚಾರಗಳ ಹಿಂದೆ ಇರುವ ಅರ್ಥದ ಬಗ್ಗೆ ಇವತ್ತು ಮಾತಾಡುತ್ತೇನೆ. ಅಲ್ಲಿನ ಯುದ್ಧ, ರಾಜಕೀಯ ಈ ಮಾತಿನ ವಿಷಯ ಅಲ್ಲ. ಅದನ್ನು ಬಲ್ಲವರು ಬೇರೆ ಇದ್ದಾರೆ.

ಮೊದಲಿಗೆ ಒಂದಿಷ್ಟು ಹಿನ್ನೆಲೆ. ಯಹೂದಿಗಳ ಮೂಲ ಗ್ರಂಥ ತೋರಾ. ಬೈಬಲ್ಲಿನ ಮೊದಲ ಐದು ಪುಸ್ತಕಗಳೇ ಅದು. ಅದರಲ್ಲಿ ಒಟ್ಟು 613 ಕಟ್ಟಳೆಗಳಿವೆ ಎಂದು ಹಿಂದಿನವರು ಲೆಕ್ಕ ಹಾಕಿದ್ದಾರೆ. ‘ಮಾಡು’ ಎನ್ನುವವು 248, ‘ಮಾಡಬೇಡ’ ಎನ್ನುವವು 365. ಈ ಕಟ್ಟಳೆಗಳನ್ನು ಹೇಗೆ ನಡೆಸಬೇಕು ಎಂದು ನೂರಾರು ವರ್ಷ ಪಂಡಿತರು ಮಾಡಿದ ವಾದ, ವಿವಾದ, ತೀರ್ಮಾನಗಳ ದೊಡ್ಡ ಸಂಗ್ರಹಕ್ಕೆ ತಾಲ್ಮುದ್ ಎಂದು ಹೆಸರು. ತಾಲ್ಮುದ್‌ನಲ್ಲಿ ಸೋತವರ ವಾದವನ್ನೂ ಅಳಿಸದೆ ಉಳಿಸಿಕೊಂಡಿದ್ದಾರೆ. ಹಿಲ್ಲೇಲ್ ಎಂಬ ಗುರುವಿನ ಪಂಥಕ್ಕೂ ಶಮ್ಮಾಯ್ ಎಂಬ ಗುರುವಿನ ಪಂಥಕ್ಕೂ ನಡೆದ ಜಗಳಗಳಲ್ಲಿ ಹೆಚ್ಚಾಗಿ ಹಿಲ್ಲೇಲ್ ಪಂಥದ ಮಾತೇ ನಿಂತಿತು. ಅದಕ್ಕೆ ತಾಲ್ಮುದ್ ಕೊಡುವ ಕಾರಣ ಏನು ಗೊತ್ತೇ? ಅವರು ಸೌಮ್ಯರಾಗಿದ್ದರು, ತಮ್ಮ ಮಾತಿಗಿಂತ ಮೊದಲು ಎದುರು ಪಕ್ಷದ ಮಾತನ್ನು ಹೇಳಿ ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ನಮ್ಮ ಗ್ರಾಮಸಭೆಗಳಲ್ಲಿ ಇದೊಂದು ರೂಢಿಗೆ ಬಂದರೆ ಎಷ್ಟು ಚೆನ್ನ ಎಂದು ನನಗೆ ಅನ್ನಿಸಿದ್ದಿದೆ.

ಎಲ್ಲ ಯಹೂದಿಗಳೂ ಎಲ್ಲ ಕಟ್ಟಳೆಗಳನ್ನೂ ಪಾಲಿಸುತ್ತಾರೆ ಎಂದು ತಿಳಿಯಬೇಡಿ. ನನ್ನ ತಂಡದಲ್ಲೇ ಒಬ್ಬರು ಕಟ್ಟುನಿಟ್ಟು, ಇನ್ನೊಬ್ಬರು ವರ್ಷಕ್ಕೆ ಎರಡು ಹಬ್ಬ ಮಾಡಿದರೆ ಹೆಚ್ಚು. ಆದರೆ ‘ಇದು ಯಾಕೆ?’ ಎಂದು ಕೇಳಿದರೆ ಇಬ್ಬರೂ ಉತ್ತರ ಕೊಡುತ್ತಿದ್ದರು, ಉತ್ತರಗಳು ಬೇರೆ ಬೇರೆ ಆಗಿರುತ್ತಿದ್ದವು, ಆಮೇಲೆ ಅವರವರಲ್ಲೇ ವಾದ ಶುರುವಾಗುತ್ತಿತ್ತು. ಕಟ್ಟಳೆಗಳಲ್ಲೂ ಅವರು ಎರಡು ಬಗೆ ಗುರುತಿಸುತ್ತಾರೆ. ಕದಿಯಬಾರದು, ಕೊಲ್ಲಬಾರದು ಎನ್ನುವಂಥವಕ್ಕೆ ಕಾರಣ ಎಲ್ಲರಿಗೂ ಹೊಳೆಯುತ್ತದೆ. ಉಣ್ಣೆ ಮತ್ತು ನಾರುಬಟ್ಟೆ ಬೆರೆಸಿ ನೇಯ್ದದ್ದನ್ನು ಉಡಬಾರದು ಎನ್ನುವಂಥವಕ್ಕೆ ಗ್ರಂಥವೇ ಕಾರಣ ಹೇಳುವುದಿಲ್ಲ. ಕಾರಣ ತಿಳಿಯದ್ದನ್ನೂ ನಡೆಸುತ್ತಾರೆ, ನಡೆಸುತ್ತಲೇ ಕಾರಣ ಹುಡುಕುತ್ತಾರೆ.

ಈಗ ಕೆಲವು ಆಚಾರಗಳನ್ನು ನೋಡೋಣ. ಮೊದಲನೆಯದು ಶಬ್ಬಾತ್, ವಾರದ ವಿರಾಮದ ದಿನ. ಶುಕ್ರವಾರ ಹೊತ್ತು ಮುಳುಗುವಾಗ ಶುರು, ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡಾಗ ಮುಕ್ತಾಯ. ಶುಕ್ರವಾರ ಸಂಜೆ ಜೆರುಸಲೇಮಿನಲ್ಲಿ ಸೈರನ್ ಕೂಗುತ್ತದೆ, ಅಂಗಡಿಗಳು ಮುಚ್ಚುತ್ತವೆ, ಸಿಟಿ ಬಸ್ಸು ನಿಲ್ಲುತ್ತವೆ. ಮನೆಯ ಹೆಂಗಸರು ದೀಪ ಹಚ್ಚುತ್ತಾರೆ. ಆ ದಿನ ಮಾಡಬಾರದ ಕೆಲಸಗಳನ್ನು 39 ಬಗೆಯಾಗಿ ಪಟ್ಟಿ ಮಾಡಿದ್ದಾರೆ: ಉಳುವುದು, ಬಿತ್ತುವುದು, ಕೊಯ್ಯುವುದು, ಒಕ್ಕುವುದು, ತೂರುವುದು, ಬೀಸುವುದು, ನಾದುವುದು, ನೇಯುವುದು, ಬೆಂಕಿ ಹೊತ್ತಿಸುವುದು ಹೀಗೆ. ಪಟ್ಟಿ ಓದುವಾಗ ನಮ್ಮ ಊರಿನ ಒಂದು ವರ್ಷದ ದುಡಿಮೆಯೇ ಕಣ್ಣ ಮುಂದೆ ಬಂತು. ಕಟ್ಟುನಿಟ್ಟಿನವರು ಅಂದು ವಿದ್ಯುತ್ ಸ್ವಿಚ್ಚನ್ನೂ ಒತ್ತುವುದಿಲ್ಲ. ಅವರಿಗಾಗಿ ದೊಡ್ಡ ಕಟ್ಟಡಗಳಲ್ಲಿ ಒಂದು ಲಿಫ್ಟ್ ಇರುತ್ತದೆ. ಯಾರೂ ಬಟನ್ ಒತ್ತದೆ ತಾನಾಗಿಯೇ ಮಹಡಿಗಳಲ್ಲಿ ನಿಂತು ನಿಂತು ಹೋಗುತ್ತದೆ.

ಇದೆಲ್ಲ ಯಾಕೆ? ತೋರಾದಲ್ಲಿ ಈ ಕಟ್ಟಳೆ ಎರಡು ಕಡೆ ಬರುತ್ತದೆ, ಎರಡು ಕಾರಣ ಕೊಡುತ್ತದೆ. ಒಂದು ಕಡೆ, ದೇವರು ಆರು ದಿನ ಸೃಷ್ಟಿ ಮಾಡಿ ಏಳನೆಯ ದಿನ ಸುಮ್ಮನಿದ್ದ, ಆದ್ದರಿಂದ ನೀನೂ ಇರು ಎಂದು. ಇನ್ನೊಂದು ಕಡೆ, ನೀನು ಈಜಿಪ್ಟಿನಲ್ಲಿ ಜೀತದಾಳಾಗಿದ್ದೆ, ಅದನ್ನು ನೆನಪಿಡು, ಆದ್ದರಿಂದ ನಿನ್ನ ಆಳಿಗೂ, ನಿನ್ನ ಎತ್ತಿಗೂ, ಕತ್ತೆಗೂ ಅಂದು ಬಿಡುವು ಕೊಡು ಎಂದು. ಈ ಎರಡನೆಯ ಕಾರಣ ನನ್ನ ಮನಸ್ಸಿನಲ್ಲಿ ನಿಂತಿದೆ. ಯಜಮಾನನಿಗೆ ಯಾವತ್ತು ಬೇಕಾದರೂ ರಜೆ ಉಂಟು. ಆಳಿಗೆ ಯಾರೂ ಕಸಿಯಲಾಗದ ಒಂದು ದಿನ ಬೇಕಾದರೆ ಅದು ಕಟ್ಟಳೆಯೇ ಆಗಬೇಕು. ಹಾಗೆಂದು ಕಟ್ಟಳೆ ಜೀವಕ್ಕಿಂತ ದೊಡ್ಡದಲ್ಲ. ಒಂದು ಜೀವ ಅಪಾಯದಲ್ಲಿದ್ದರೆ ಶಬ್ಬಾತ್ ಮುರಿಯುವುದೇ ಧರ್ಮ. ಬೇರೆ ದಿನ ಮಂತ್ರ ಹೇಳುತ್ತಾ ಕೂರುವವರೇ ಅಂದು ಆಂಬುಲೆನ್ಸ್ ಓಡಿಸುವುದನ್ನು ಕಂಡಿದ್ದೇನೆ.

ಶಬ್ಬಾತ್ ಊಟಕ್ಕೆ ಮೇಜಿನ ಮೇಲೆ ಎರಡು ಹೆಣೆದ ಬ್ರೆಡ್ಡು ಇಡುತ್ತಾರೆ, ಮೇಲೆ ಒಂದು ಚೆಂದದ ಬಟ್ಟೆ ಮುಚ್ಚುತ್ತಾರೆ. ಯಾಕೆ ಮುಚ್ಚುತ್ತೀರಿ ಎಂದೆ. ಅನ್ನಕ್ಕೆ ಮೊದಲ ಮರ್ಯಾದೆ ಸಲ್ಲಬೇಕು, ಆದರೆ ಅಂದು ದ್ರಾಕ್ಷಾರಸಕ್ಕೆ ಮೊದಲು ಪ್ರಾರ್ಥನೆ ಹೇಳುತ್ತೇವೆ, ಅಷ್ಟು ಹೊತ್ತು ಬ್ರೆಡ್ಡಿಗೆ ಅವಮಾನ ಆಗದಿರಲಿ ಎಂದು ಮುಚ್ಚುತ್ತೇವೆ ಎಂದರು. ಜೀವವಿಲ್ಲದ ಬ್ರೆಡ್ಡಿನ ಮಾನ ಕಾಯುವ ರೂಢಿಯಲ್ಲಿ ಬೆಳೆದ ಮಗು, ಪಂಕ್ತಿಯಲ್ಲಿ ಕೂತ ಮನುಷ್ಯನ ಮಾನವನ್ನೂ ಕಾಯಲಿ ಎಂಬುದು ಅದರ ಪಾಠ.

ಈ ಶನಿವಾರದ ಬಿಡುವಿಗೆ ನಮ್ಮ ಪಕ್ಕದಲ್ಲೇ ಒಂದು ಕಥೆಯಿದೆ. ಕೊಂಕಣ ತೀರದಲ್ಲಿ, ಈಗಿನ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ, ಬೆನೆ ಇಸ್ರೇಲ್ ಎಂಬ ಯಹೂದಿಗಳು ನೂರಾರು ವರ್ಷ ಬಾಳಿದರು. ಹಡಗು ಒಡೆದು ದಡ ಸೇರಿದ ಕೆಲವೇ ಕುಟುಂಬಗಳ ಸಂತಾನ ನಾವು ಎಂಬುದು ಅವರ ಐತಿಹ್ಯ. ಮರಾಠಿ ಅವರ ಮನೆಮಾತಾಯಿತು, ಎಣ್ಣೆ ಗಾಣ ಅವರ ಕಸುಬಾಯಿತು. ಕಾಲ ಹೋದಂತೆ ಹೀಬ್ರೂ ಭಾಷೆ ಬಹುಪಾಲು ಮರೆತುಹೋಯಿತು. ಆದರೆ ಶನಿವಾರ ಗಾಣ ಕಟ್ಟುವುದನ್ನು ಮಾತ್ರ ಅವರು ಒಪ್ಪಲಿಲ್ಲ. ಸುತ್ತಲಿನ ಜನ ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದೇ ಕರೆದರು. ಭಾಷೆ ಹೋದರೂ ಒಂದು ಆಚಾರ ಉಳಿದದ್ದರಿಂದ ಅವರು ಯಾರು ಎಂಬುದು ಉಳಿಯಿತು.

ಎರಡನೆಯದು ಹೊಲದ ಕಟ್ಟಳೆ. ಇದನ್ನು ನಮ್ಮ ರೈತರು ಗಮನವಿಟ್ಟು ಕೇಳಬೇಕು. ಕೊಯ್ಲಿನ ಹೊತ್ತಿಗೆ ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು. ಕೈಯಿಂದ ಉದುರಿದ ತೆನೆಯನ್ನು ಮತ್ತೆ ಆಯಬಾರದು. ಮರೆತು ಬಂದ ಸಿವುಡಿಗಾಗಿ ತಿರುಗಿ ಹೋಗಬಾರದು. ಇವು ಬಡವರಿಗೆ, ವಿಧವೆಗೆ, ತಂದೆಯಿಲ್ಲದ ಮಗುವಿಗೆ, ಪರಸ್ಥಳದಿಂದ ಬಂದವರಿಗೆ. ಮೂಲೆ ಎಂದರೆ ಎಷ್ಟು? ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬಾರದು ಎಂದು ಹಿಂದಿನವರು ಅಳತೆಯನ್ನೂ ಗೊತ್ತುಮಾಡಿದರು. ನಮ್ಮಲ್ಲಿ ಹಕ್ಕಲಾಯುವುದು ಎನ್ನುತ್ತೇವಲ್ಲ, ಅದೇ. ಆದರೆ ನಮ್ಮಲ್ಲಿ ಹಕ್ಕಲು ಹೊಲದವರ ದೊಡ್ಡ ಮನಸ್ಸು. ಅಲ್ಲಿ ಅದು ಬಡವರ ಹಕ್ಕು.

ಇದರ ಅರ್ಥವನ್ನು ಪಂಡಿತರು ಬಿಡಿಸಿದ ರೀತಿ ಚೆನ್ನಾಗಿದೆ. ಮೂಲೆಯನ್ನು ಹೊಲದ ಕೊನೆಯಲ್ಲೇ, ಎಲ್ಲರಿಗೂ ಕಾಣುವಂತೆ ಬಿಡಬೇಕು. ಯಾಕೆ? ಯಜಮಾನ ಯಾರೂ ಇಲ್ಲದ ಹೊತ್ತು ನೋಡಿ ತನ್ನ ನೆಂಟನಿಗೆ ಮಾತ್ರ ಹೇಳಿ ಕಳಿಸಬಾರದು. ಬಡವರು ‘ಈಗ ಬಿಡುತ್ತಾನೋ, ಆಗ ಬಿಡುತ್ತಾನೋ’ ಎಂದು ದಿನವಿಡೀ ಬದುವಿನ ಮೇಲೆ ಕಾಯಬಾರದು. ಬಡವನ ಸಮಯಕ್ಕೂ ಬೆಲೆ ಇದೆ ಎಂದು ಅಷ್ಟು ಹಿಂದೆಯೇ ಯಾರೋ ಯೋಚಿಸಿದ್ದಾರೆ. ಜೊತೆಗೆ, ಬಡವರು ತಾವೇ ಕೊಯ್ದುಕೊಳ್ಳುತ್ತಾರೆ. ಯಾರ ಮುಂದೆಯೂ ಕೈಯೊಡ್ಡುವುದಿಲ್ಲ. ಗಂಡನನ್ನು ಕಳೆದುಕೊಂಡು ಪರದೇಶಕ್ಕೆ ಬಂದ ರೂತ್ ಎಂಬ ಹೆಣ್ಣುಮಗಳು ಹೀಗೆ ಬಾರ್ಲಿ ಹೊಲದಲ್ಲಿ ಹಕ್ಕಲಾಯ್ದು ತನ್ನ ಅತ್ತೆಯನ್ನು ಸಾಕಿದ ಕಥೆ ಅವರ ಗ್ರಂಥದಲ್ಲಿದೆ. ಅವಳ ಮರಿಮಗನೇ ದಾವೀದ ರಾಜ. ಹಕ್ಕಲಾಯುವವಳ ವಂಶದಲ್ಲಿ ರಾಜ ಹುಟ್ಟಿದ ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ದಾನಕ್ಕೆ ಅವರ ಮಾತು ಚೆದಾಕಾ. ಈ ಪದದ ಬೇರು ‘ನ್ಯಾಯ’ ಎಂಬ ಅರ್ಥದ್ದು. 12ನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ವೈದ್ಯ, ಪಂಡಿತ ಮೈಮೋನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲು ಎಣಿಸಿದ. ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಕೊಟ್ಟವನು ಯಾರು, ಪಡೆದವನು ಯಾರು ಎಂದು ಒಬ್ಬರಿಗೊಬ್ಬರಿಗೆ ತಿಳಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಸಾಲ ಕೊಟ್ಟೋ ಪಾಲುಗಾರನಾಗಿಯೋ ಕೆಲಸ ಕೊಡಿಸಿಯೋ ಆ ಮನುಷ್ಯ ಇನ್ನು ಮುಂದೆ ಯಾರನ್ನೂ ಕೇಳದಂತೆ ಮಾಡುವುದು.

ಮೂರನೆಯದು ಕಾಗದದ ಮರ್ಯಾದೆ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಯಹೂದಿಗಳು ದೇವರ ಹೆಸರಿರುವ ಬರಹವನ್ನು ಸುಡುವುದಿಲ್ಲ, ಎಸೆಯುವುದಿಲ್ಲ. ಹಳತಾದ ಹಾಳೆಗಳನ್ನು ಒಂದು ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆಗೆ ಗೆನಿಜಾ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಹೀಬ್ರೂ ಅಕ್ಷರದಲ್ಲಿ ಬರೆದ ಮನೆಯ ಪತ್ರ, ಅಂಗಡಿಯ ಲೆಕ್ಕ ಕೂಡ ಸೇರಿಕೊಂಡವು. ಸುಮಾರು ಸಾವಿರ ವರ್ಷ ಹಾಗೇ ಕೂಡಿಕೊಂಡು ಬಂದವು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಒಯ್ದರು.

ಇದರಲ್ಲಿ ನಮಗೇನು ಎನ್ನುತ್ತೀರಾ? ಆ ರಾಶಿಯಲ್ಲಿ ನಮ್ಮ ಮಂಗಳೂರು ಸಿಕ್ಕಿತು. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ಮೂಲ ಟ್ಯುನೀಸಿಯಾದವನು, 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಹಲವು ವರ್ಷ ಇದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ, ಮೆಣಸು, ಅಡಿಕೆ, ಕಬ್ಬಿಣ ಏಡನ್ನಿಗೆ ಕಳಿಸುತ್ತಿದ್ದ. 1132ರಲ್ಲಿ ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಹೇಳುತ್ತಾರೆ. ಅವನ ಪರವಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಇಲ್ಲಿಯ ಆಳಿನ ಹೆಸರೂ ಪತ್ರಗಳಲ್ಲಿದೆ. ಹೀಬ್ರೂ ಅಕ್ಷರದ ಆ ಹೆಸರು ‘ಬೊಮ್ಮ’ ಇರಬೇಕು ಎಂಬುದು ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಅಮಿತಾವ್ ಘೋಷ್ ಅವರಿಗೆ ಹೊಳೆಯಿತು. ಘೋಷ್ 1992ರಲ್ಲಿ ಈ ಕಥೆಯನ್ನು ಪುಸ್ತಕ ಮಾಡಿದರು. ನಮ್ಮ ರಾಜರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಒಂಬೈನೂರು ವರ್ಷದ ಹಿಂದಿನ ನಮ್ಮ ಕಡೆಯ ಒಬ್ಬ ಆಳಿನ ಹೆಸರು ಉಳಿದದ್ದು ಕಾಗದ ಎಸೆಯಬಾರದು ಎಂಬ ಪರದೇಶದವರ ಆಚಾರದಿಂದ.

ನಾಲ್ಕನೆಯದು ಪ್ರಶ್ನೆಯ ಹಬ್ಬ. ವಸಂತದಲ್ಲಿ ಬರುವ ಪೆಸಾಖ್ ಈಜಿಪ್ಟಿನ ಜೀತದಿಂದ ಬಿಡುಗಡೆಯಾದ ನೆನಪಿನದು. ಅಂದು ಹುದುಗು ಬರಿಸದ ರೊಟ್ಟಿ ತಿನ್ನುತ್ತಾರೆ, ಯಾಕೆಂದರೆ ಓಡುವ ಅವಸರದಲ್ಲಿ ಹಿಟ್ಟು ಹುದುಗಲು ಸಮಯ ಇರಲಿಲ್ಲ. ಹಿಟ್ಟಿಗೆ ನೀರು ಸೋಕಿದ ಮೇಲೆ 18 ನಿಮಿಷದೊಳಗೆ ರೊಟ್ಟಿ ಬೇಯಬೇಕು. ಜೀತದ ಕಹಿಗೆ ಕಹಿ ಸೊಪ್ಪು, ಕಣ್ಣೀರಿಗೆ ಉಪ್ಪುನೀರು, ಇಟ್ಟಿಗೆ ಕಟ್ಟಿದ ಗಾರೆಯ ನೆನಪಿಗೆ ಸೇಬು, ಬೀಜಗಳನ್ನು ಅರೆದ ಸಿಹಿ. ಈಜಿಪ್ಟಿನವರಿಗೆ ಬಂದ ಹತ್ತು ಪಿಡುಗುಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬಟ್ಟಲಿನಿಂದ ಒಂದೊಂದು ತೊಟ್ಟು ದ್ರಾಕ್ಷಾರಸ ತೆಗೆಯುತ್ತಾರೆ. ಶತ್ರುವೇ ಆದರೂ ಅವನು ಸತ್ತನಲ್ಲ, ನಮ್ಮ ಸಂತೋಷದ ಬಟ್ಟಲು ಅಷ್ಟು ಕಡಿಮೆಯಾಗಬೇಕು ಎಂದು ಅದಕ್ಕೆ ಅರ್ಥ ಹೇಳುತ್ತಾರೆ.

ಆದರೆ ಆ ರಾತ್ರಿ ಶುರುವಾಗುವುದು ಮಗುವಿನಿಂದ. ಮನೆಯ ಅತಿ ಚಿಕ್ಕ ಮಗು ಎದ್ದು, ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ ಎಂದು ಕೇಳಬೇಕು. ಮಗು ಕೇಳಿದ ಮೇಲೆಯೇ ಹಿರಿಯರು ಕಥೆ ಶುರುಮಾಡುತ್ತಾರೆ. ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿ ಕೇಳುತ್ತಾಳೆ. ಇಬ್ಬರು ಮಹಾ ಪಂಡಿತರೇ ಕೂತಿದ್ದರೂ ಒಬ್ಬರನ್ನೊಬ್ಬರು ಕೇಳಬೇಕು. ಒಂಟಿಯಾಗಿದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಅಂದಿನ ಕಥೆಯಲ್ಲಿ ನಾಲ್ಕು ಬಗೆಯ ಮಕ್ಕಳು ಬರುತ್ತಾರೆ: ಜಾಣ, ಮೊಂಡ, ಮುಗ್ಧ, ಮತ್ತು ಕೇಳುವುದಕ್ಕೇ ಬಾರದವನು. ಮೊದಲ ಮೂವರಿಗೆ ಅವರವರ ಪ್ರಶ್ನೆಗೆ ತಕ್ಕ ಉತ್ತರ. ಕೇಳಲು ಬಾರದ ಮಗುವಿಗೆ ನೀನೇ ಮಾತು ತೆರೆ ಎಂದು ಹಿರಿಯರಿಗೆ ಆಜ್ಞೆ. ನಮ್ಮ ಮೇಷ್ಟ್ರುಗಳು ಇಲ್ಲಿ ಕೂತಿದ್ದಾರೆ. ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ನನ್ನಂಥವರ ಹತ್ತಿರ ಬಂದು ಅವರು ಮಾಡುತ್ತಿದ್ದದ್ದು ಇದೇ ಕೆಲಸ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಮಗನಿಗೆ ಕಲಿಸು ಎಂಬುದು ತೋರಾದ ಕಟ್ಟಳೆ. ಅದರಂತೆ ಮೊದಲು ತಂದೆಯೇ ಮಗನಿಗೆ ಕಲಿಸುತ್ತಿದ್ದ. ತಾಲ್ಮುದ್ ಇದರಲ್ಲಿನ ಕೊರತೆಯನ್ನು ನೇರವಾಗಿ ಹೇಳುತ್ತದೆ: ತಂದೆ ಇದ್ದವನು ಕಲಿತ, ತಂದೆ ಇಲ್ಲದವನು ಕಲಿಯಲಿಲ್ಲ. ಆಮೇಲೆ ಜೆರುಸಲೇಮಿನಲ್ಲಿ ಶಿಕ್ಷಕರನ್ನು ನೇಮಿಸಿದರು. ಆಗಲೂ ತಂದೆ ಇದ್ದವನು ಮಗನನ್ನು ಅಲ್ಲಿಗೆ ಕರೆದೊಯ್ದ, ಇಲ್ಲದವನು ಊರಲ್ಲೇ ಉಳಿದ. ಆಮೇಲೆ ಪ್ರಾಂತ್ಯಕ್ಕೊಂದು ಶಾಲೆ ಮಾಡಿ ಹದಿನಾರು ಹದಿನೇಳರ ಹುಡುಗರನ್ನು ಸೇರಿಸಿದರು. ಮೇಷ್ಟ್ರು ಗದರಿದರೆ ಆ ವಯಸ್ಸಿನವರು ಎದ್ದು ಹೋಗಿಬಿಟ್ಟರು. ಕೊನೆಗೆ 1ನೆಯ ಶತಮಾನದಲ್ಲಿ ಯೆಹೋಶುವಾ ಬೆನ್ ಗಮ್ಲಾ ಎಂಬ ಮಹಾಯಾಜಕ ಒಂದು ಕಟ್ಟಳೆ ತಂದ: ಪ್ರತಿ ಊರಿನಲ್ಲೂ ಶಿಕ್ಷಕ ಇರಬೇಕು, ಆರು ಏಳು ವರ್ಷಕ್ಕೇ ಮಕ್ಕಳನ್ನು ಸೇರಿಸಬೇಕು. ಮುಂದೆ ರಾವಾ ಎಂಬ ಪಂಡಿತ ಲೆಕ್ಕವನ್ನೂ ಕೊಟ್ಟ: 25 ಮಕ್ಕಳಿಗೆ ಒಬ್ಬ ಶಿಕ್ಷಕ, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಶಿಕ್ಷಕರು, ಖರ್ಚು ಊರಿನದು. ದೇವಾಲಯ ಕಟ್ಟುವ ಕೆಲಸಕ್ಕೆ ಕೂಡ ಮಕ್ಕಳ ಪಾಠ ನಿಲ್ಲಿಸಬಾರದು ಎಂಬ ಮಾತೂ ಅಲ್ಲಿದೆ.

ಈ ಕಟ್ಟಳೆಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ಅದು ಗಂಡುಮಕ್ಕಳಿಗೆ ಮಾತ್ರ. ಬಹಳ ಕಾಲ ಹಾಗೇ ನಡೆಯಿತು. 1917ರಲ್ಲಿ ಪೋಲೆಂಡಿನ ಕ್ರಾಕೋವ್ ಪಟ್ಟಣದಲ್ಲಿ ಸಾರಾ ಶೆನಿರರ್ ಎಂಬ ಬಟ್ಟೆ ಹೊಲಿಯುವ ಹೆಂಗಸು ಸಂಪ್ರದಾಯಸ್ಥರ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಳು. ಅದು ಬೆಳೆದು ಊರೂರಿಗೆ ಹಬ್ಬಿತು. ಕಟ್ಟಳೆಯ ಅರ್ಥ ತಿಳಿದವರು ಕಟ್ಟಳೆಯನ್ನು ಬೆಳೆಸುತ್ತಾರೆ ಎನ್ನುವುದಕ್ಕೆ ಇದೇ ಸಾಕ್ಷಿ.

ಬೆನ್ ಗಮ್ಲಾ ಇದ್ದ ಅದೇ ಶತಮಾನದಲ್ಲಿ, ಕ್ರಿ.ಶ. 70ರಲ್ಲಿ, ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಯಹೂದಿಗಳಿಗೆ ರಾಜ್ಯ ಇಲ್ಲ, ಗುಡಿ ಇಲ್ಲ, ದೇಶದೇಶಗಳಿಗೆ ಚದುರಿದರು, ಬಹಳ ಕಡೆ ಅವಮಾನ, ಹಿಂಸೆ ಉಂಡರು. ಹತ್ತೊಂಬತ್ತು ನೂರು ವರ್ಷ ಅವರನ್ನು ಹಿಡಿದಿಟ್ಟದ್ದು ಯಾವ ಕೋಟೆಯೂ ಅಲ್ಲ. ಶುಕ್ರವಾರದ ದೀಪ, ಮಗುವಿನ ಪ್ರಶ್ನೆ, ಊರಿಗೊಬ್ಬ ಮೇಷ್ಟ್ರು ಎಂಬಂಥ ಸಣ್ಣ ಸಣ್ಣ ಕಟ್ಟಳೆಗಳು. ದಯೆ, ನ್ಯಾಯ, ವಿದ್ಯೆ ಎಂಬ ದೊಡ್ಡ ಮಾತುಗಳನ್ನು ಎಲ್ಲ ಧರ್ಮಗಳೂ ಹೇಳುತ್ತವೆ. ಆ ಮಾತುಗಳಿಗೆ ದಿನ, ಅಳತೆ, ಲೆಕ್ಕ ಗೊತ್ತುಮಾಡಿ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸವಾಗಿ ಇಟ್ಟದ್ದು ಅವರಿಂದ ನಾನು ಕಲಿತ ಪಾಠ.

ಬಂಧುಗಳೇ, ನನ್ನ ಅಪ್ಪನಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಅವ್ವನಿಗೆ ಅದೂ ಇಲ್ಲ. ಅವರಿಬ್ಬರೂ ನನಗೆ ಬದುಕು ಕಲಿಸಿದರು, ಬೀಜಗಣಿತ ಕಲಿಸಲಾಗುತ್ತಿರಲಿಲ್ಲ. ತಾಲ್ಮುದ್ ಹೇಳುವ ಕಲಿಸುವ ತಂದೆ ಇಲ್ಲದ ಮಗು ನಾನೇ, ಇಲ್ಲಿ ಕೂತಿರುವ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ. ಅಂಥ ಮಗುವಿಗೆ ಊರೇ ತಂದೆಯಾಗಲಿ ಎಂದು ಐವತ್ತು ವರ್ಷದ ಹಿಂದೆ ಹಿರಿಯರು ಜಾಗ ಬಿಟ್ಟುಕೊಟ್ಟರು, ಸರ್ಕಾರ ಕಟ್ಟಡ, ಮೇಷ್ಟ್ರು ಕೊಟ್ಟಿತು. ನಾವು ಓದುವಾಗ ಎಂಟನೆಯ ತರಗತಿಗೆ ಎರಡು ವಿಭಾಗ ಇದ್ದವು. ಈಗ ಒಂದೇ, ಅದೂ ತುಂಬುವುದಿಲ್ಲ. ಅನುಕೂಲ ಇದ್ದವರ ಮಕ್ಕಳು ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಪೇಟೆಗೆ ಹೋಗುತ್ತಾರೆ. ಅದು ಅವರವರ ಆಯ್ಕೆ, ನಾನು ದೂರುವುದಿಲ್ಲ. ಆದರೆ ಬಸ್ಸಿನ ಫೀಸು ಕಟ್ಟಲಾಗದ ಮಗು ಇಂದಿಗೂ ಇದೇ ಗೇಟಿನೊಳಗೆ ಬರುತ್ತದೆ. ಈ ಶಾಲೆ ಮುಚ್ಚಿದರೆ ನಷ್ಟ ಆ ಮಗುವಿಗೆ ಮಾತ್ರ.

ಆದ್ದರಿಂದ ನನ್ನ ಓರಗೆಯವರಿಗೆ ಒಂದು ವಿನಂತಿ. ನಮ್ಮಲ್ಲಿ ಬಹಳ ಜನರಿಗೆ ಈಗ ಹೊಲ ಇಲ್ಲ, ಸಂಬಳ ಇದೆ. ಸಂಬಳಕ್ಕೂ ಒಂದು ಮೂಲೆ ಇರಲಿ. ಅರವತ್ತರಲ್ಲಿ ಒಂದು ಪಾಲು ಎಂದರೆ ಅರವತ್ತು ಸಾವಿರ ಸಂಬಳದವರಿಗೆ ತಿಂಗಳಿಗೆ ಒಂದು ಸಾವಿರ. ಅದನ್ನು ಹಳೆಯ ವಿದ್ಯಾರ್ಥಿಗಳ ಸಂಘದ ಖಾತೆಗೆ ಹಾಕೋಣ. ಹತ್ತನೆಯ ತರಗತಿ ಮುಗಿಸಿ ಮುಂದೆ ಓದಲಾಗದ ಮಕ್ಕಳ ಫೀಸಿಗೆ ಅದು ಹೋಗಲಿ. ಯಾರು ಕೊಟ್ಟರು ಎಂದು ಬೋರ್ಡಿನ ಮೇಲೆ ಬರೆಸುವುದು ಬೇಡ, ಯಾವ ಮಗುವನ್ನೂ ವೇದಿಕೆಗೆ ಕರೆದು ಫೋಟೋ ತೆಗೆಸುವುದು ಬೇಡ. ಯಾರಿಗೆ ಬೇಕು ಎಂಬುದು ಮುಖ್ಯೋಪಾಧ್ಯಾಯರಿಗೆ ತಿಳಿದಿದ್ದರೆ ಸಾಕು. ನನ್ನ ಪಾಲನ್ನು ಈ ತಿಂಗಳಿಂದಲೇ ಶುರುಮಾಡಿದ್ದೇನೆ.

ಮಕ್ಕಳೇ, ನಿಮಗೆ ಒಂದೇ ಮಾತು. ಮನೆಯಲ್ಲಿ ಯುಗಾದಿಗೆ ಬೇವು ಬೆಲ್ಲ ಕೊಟ್ಟಾಗ, ಕಣದಲ್ಲಿ ರಾಶಿ ಪೂಜೆ ಮಾಡುವಾಗ, ಅಜ್ಜಿ ಹೊಸ್ತಿಲಿಗೆ ಅರಿಸಿನ ಹಚ್ಚುವಾಗ, ‘ಇದು ಯಾಕಜ್ಜಿ?’ ಎಂದು ಕೇಳಿ. ಹಿರಿಯರೇ, ಮಗು ಕೇಳಿದರೆ ‘ಸುಮ್ಮನಿರು’ ಎನ್ನಬೇಡಿ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.